ಬೆಳಗಾವಿಯಿಂದ ಬೆಂಗಳೂರಿಗೆ ಎಷ್ಟು ದೂರ, ಎಷ್ಟು ತಾಸು?

ಬೆಳಗಾವಿಯಿಂದ ಬೆಂಗಳೂರಿಗೆ ಎಷ್ಟು ದೂರ? ಈ ಪ್ರಶ್ನೆಗೆ ಮೂರು ಉತ್ತರಗಳಿವೆ, ಮೂರೂ ಸರಿ. ರಸ್ತೆಯ ಮೇಲೆ ಸುಮಾರು 500 ಕಿಲೋಮೀಟರ್. ರೈಲಿನಲ್ಲಿ 600ಕ್ಕೂ ಹೆಚ್ಚು. ವಿಮಾನದಲ್ಲಿ ಸುಮಾರು 444. ಊರುಗಳು ಇದ್ದಲ್ಲೇ ಇವೆ, ಬೇರೆಯಾಗಿರುವುದು ದಾರಿ ಮಾತ್ರ.

ಎಷ್ಟು ತಾಸು ಎಂದು ಕೇಳಿದರೆ ಲೆಕ್ಕ ಇನ್ನೂ ಸ್ವಾರಸ್ಯವಾಗುತ್ತದೆ. ವಿಮಾನದ ಟಿಕೆಟಿನ ಮೇಲೆ ಒಂದು ತಾಸು ಅಥವಾ ಒಂದೂಕಾಲು ತಾಸು ಎಂದು ಬರೆದಿರುತ್ತದೆ. ಆದರೆ ಬೈಲಹೊಂಗಲದ ಮನೆಯ ಹೊಸ್ತಿಲು ದಾಟಿ ಬೆಂಗಳೂರಿನ ಮಗಳ ಮನೆಯ ಹೊಸ್ತಿಲು ತುಳಿಯುವ ಹೊತ್ತಿಗೆ ಆರು ತಾಸು ಆಗಿರುತ್ತದೆ. ಹಾಗಾದರೆ ಉಳಿದ ನಾಲ್ಕೂಮುಕ್ಕಾಲು ತಾಸು ಎಲ್ಲಿ ಹೋಯಿತು? ಬ್ಯಾಂಕಿನಲ್ಲಿ ಜೀವನವಿಡೀ ಲೆಡ್ಜರ್ ಬರೆದವನು ನಾನು. ಜಮಾ ಖರ್ಚು ತಾಳೆಯಾಗದಿದ್ದರೆ ಸಂಜೆ ಮನೆಗೆ ಬಿಡುತ್ತಿರಲಿಲ್ಲ. ಬನ್ನಿ ಮಕ್ಕಳೇ, ಇದನ್ನೂ ತಾಳೆ ಹಾಕೋಣ. ಅಜ್ಜ ಅಜ್ಜಿಯರೂ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತುಕೊಳ್ಳಲಿ.

ಪಟ್ಟಿ ಮತ್ತು ದಾರ

ಮೊದಲು ಶಾಲೆಯ ಕರ್ನಾಟಕ ನಕಾಶೆ ಬಿಚ್ಚಿರಿ. ಒಂದು ಅಡಿಪಟ್ಟಿ, ಒಂದು ಮಾರು ದಾರ ತೆಗೆದುಕೊಳ್ಳಿ. ಬೆಳಗಾವಿಯ ವಿಮಾನ ನಿಲ್ದಾಣ ಇರುವುದು ಊರಿನಿಂದ ಸುಮಾರು 10 ಕಿ.ಮೀ. ಪೂರ್ವಕ್ಕೆ, ಸಾಂಬ್ರಾದಲ್ಲಿ. ಬೆಂಗಳೂರಿನದು ದೇವನಹಳ್ಳಿಯ ಹತ್ತಿರ. ಈ ಎರಡಕ್ಕೂ ಪಟ್ಟಿ ಇಟ್ಟು ಪೆನ್ಸಿಲಿನಿಂದ ಗೆರೆ ಎಳೆಯಿರಿ.

ಗೆರೆ ಎಲ್ಲೆಲ್ಲಿ ಹೋಯಿತು ನೋಡಿ. ಸಾಂಬ್ರಾ ಬಿಟ್ಟು ಆಗ್ನೇಯಕ್ಕೆ ಹೊರಟ ಗೆರೆ ಎಡಕ್ಕೆ ಬೈಲಹೊಂಗಲವನ್ನೂ ಬಲಕ್ಕೆ ಕಿತ್ತೂರನ್ನೂ ಬಿಟ್ಟು ನಟ್ಟನಡುವೆ ಹಾಯುತ್ತದೆ. ಅಲ್ಲಿ ಕೆಳಗೆ ಮಲಪ್ರಭೆ, ಅದರ ದಂಡೆಯ ಸಂಗೊಳ್ಳಿಯ ಸೀಮೆ. ನಮ್ಮ ರಾಯಣ್ಣನ ಊರು! ಮುಂದೆ ಧಾರವಾಡ, ಹುಬ್ಬಳ್ಳಿಯ ಉತ್ತರದ ಅಂಚು. ಆಮೇಲೆ ತುಂಗಭದ್ರೆಯನ್ನು ದಾಟಿ ಚಿತ್ರದುರ್ಗದ ಸಮೀಪದಿಂದ ಮಧುಗಿರಿಯ ಕಡೆಗೆ, ಅಲ್ಲಿಂದ ದೊಡ್ಡಬಳ್ಳಾಪುರದ ಬಳಿ ಹಾದು ದೇವನಹಳ್ಳಿಗೆ. ಈ ಗೆರೆಯ ಉದ್ದ ಸುಮಾರು 444 ಕಿ.ಮೀ. ವಿಮಾನ ಗೆರೆಯ ಮೇಲೆಯೇ ಹೋಗುತ್ತದೆಂದಲ್ಲ. ಕೆಳಗಿನಿಂದ ಹೇಳುವ ನಿಯಂತ್ರಕರ ಮಾತಿನಂತೆ ಅತ್ತಿತ್ತ ಸ್ವಲ್ಪ ಸರಿಯುತ್ತದೆ. ಎರಡು ಊರಿನ ವಿಮಾನದ ದೂರ ಎಂದು ಎಲ್ಲರೂ ಹೇಳುವುದು ಮಾತ್ರ ಈ ನೇರ ಗೆರೆಯನ್ನೇ.

ಇನ್ನು ದಾರವನ್ನು ಹೆದ್ದಾರಿಯ ಮೇಲೆ ಇಡಿ. ಕಿತ್ತೂರು, ಧಾರವಾಡ, ಹುಬ್ಬಳ್ಳಿ, ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು. ಹೊಳೆಗೆ ಸೇತುವೆ ಇದ್ದಲ್ಲಿಗೆ ರಸ್ತೆ ಹೋಗಬೇಕು, ಊರು ಇದ್ದಲ್ಲಿಗೆ ಬಾಗಬೇಕು. ಅದಕ್ಕೇ ಐವತ್ತು ಅರವತ್ತು ಕಿಲೋಮೀಟರ್ ಹೆಚ್ಚಾಯಿತು.

ರೈಲಿನದು ಇನ್ನೂ ದೊಡ್ಡ ಸುತ್ತು. ಬೆಳಗಾವಿಯಿಂದ ಹೊರಟ ರೈಲು ಬೆಂಗಳೂರಿನ ಕಡೆ ಮುಖ ಮಾಡುವ ಬದಲು ಮೊದಲು ಖಾನಾಪುರದ ಮೇಲೆ ಕಾಡಿನ ಅಂಚಿನ ಲೋಂಡಾಕ್ಕೆ ಇಳಿಯುತ್ತದೆ. ಅಲ್ಲಿಂದ ತಿರುಗಿ ಧಾರವಾಡಕ್ಕೆ ಬರುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಮ್ಮ ಈ ನಾಲ್ಕೂ ಊರುಗಳಿಗೆ ರೈಲು ನಿಲ್ದಾಣವೇ ಇಲ್ಲ. ಬೆಳಗಾವಿಯಿಂದ ಕಿತ್ತೂರಿನ ಮೇಲೆ ಧಾರವಾಡಕ್ಕೆ ನೇರವಾಗಿ ಸುಮಾರು 73 ಕಿ.ಮೀ. ಹಳಿ ಹಾಕುವ ಯೋಜನೆಗೆ ಒಪ್ಪಿಗೆ ಸಿಕ್ಕಿದೆ. ಅದು ಮುಗಿದ ದಿನ ಲೋಂಡಾದ ಸುತ್ತು ತಪ್ಪುತ್ತದೆ, ಚೆನ್ನಮ್ಮನ ಕಿತ್ತೂರು ರೈಲಿನ ಸಿಳ್ಳೆ ಕೇಳುತ್ತದೆ.

ವಿಮಾನದ ಗಡಿಯಾರ

ಈಗ ತಾಸಿನ ಲೆಕ್ಕ. ನಮ್ಮ ಸಣ್ಣ ನಿಲ್ದಾಣಗಳಿಗೆ ಬರುವ ವಿಮಾನಗಳಲ್ಲಿ ರೆಕ್ಕೆಯ ಮೇಲೆ ದೊಡ್ಡ ಪಂಖ ತಿರುಗುವ ಎಟಿಆರ್ 72 ಒಂದು. ಎಪ್ಪತ್ತರ ಆಸುಪಾಸು ಜನ ಕೂರುತ್ತಾರೆ. ಮೇಲೆ ಏರಿ ಸಮನಾದ ಮೇಲೆ ಅದರ ವೇಗ ತಾಸಿಗೆ ಸುಮಾರು 500 ಕಿ.ಮೀ. ಐದನೇ ಇಯತ್ತೆಯ ಹುಡುಗನೂ ಭಾಗಾಕಾರ ಮಾಡಿ ಹೇಳಬಲ್ಲ: 444 ಕಿಲೋಮೀಟರಿಗೆ 53 ನಿಮಿಷ. ಹಾಗಿದ್ದರೆ ಟಿಕೆಟಿನ ಮೇಲೆ ಒಂದೂಕಾಲು ತಾಸು ಯಾಕೆ?

ಯಾಕೆಂದರೆ ವೇಳಾಪಟ್ಟಿಯ ಗಡಿಯಾರ ಶುರುವಾಗುವುದು ವಿಮಾನ ನೆಲ ಬಿಟ್ಟಾಗ ಅಲ್ಲ, ನಿಂತ ಜಾಗ ಬಿಟ್ಟಾಗ. ಅದು ನಿಲ್ಲುವುದು ಚಕ್ರ ನೆಲಕ್ಕೆ ತಾಗಿದಾಗ ಅಲ್ಲ, ಇಳಿದ ಮೇಲೆ ತನ್ನ ಜಾಗಕ್ಕೆ ಬಂದು ನಿಂತಾಗ. ನಡುವೆ ರನ್‌ವೇವರೆಗೆ ನಿಧಾನವಾಗಿ ಉರುಳಬೇಕು, ಸರದಿ ಕಾಯಬೇಕು. ಏರುವಾಗ, ಇಳಿಯುವಾಗ ಪೂರ್ತಿ ವೇಗ ಇರುವುದಿಲ್ಲ. ಬೆಂಗಳೂರಿನಂಥ ದೊಡ್ಡ ನಿಲ್ದಾಣದಲ್ಲಿ ಮುಂದೆ ನಾಲ್ಕು ವಿಮಾನ ಇಳಿಯುವುದಿದ್ದರೆ ಆಕಾಶದಲ್ಲೇ ಒಂದು ಸುತ್ತು ಹಾಕಬೇಕು.

ಎಟಿಆರ್ ಬದಲು ತಾಸಿಗೆ 800 ಕಿ.ಮೀ. ಓಡುವ ಜೆಟ್ ಇದ್ದರೆ? ಭಾಗಾಕಾರದಲ್ಲಿ 33 ನಿಮಿಷ ಬರುತ್ತದೆ. ಆದರೆ ವೇಳಾಪಟ್ಟಿಯಲ್ಲಿ ಅದಕ್ಕೂ ಸುಮಾರು ಒಂದು ತಾಸು ಕೊಟ್ಟಿರುತ್ತಾರೆ. ಹತ್ತಿರದ ಊರಿಗೆ ಹೋಗುವಾಗ ವೇಗದ ವಿಮಾನದಿಂದ ಉಳಿಯುವುದು ಕಡಿಮೆ. ದೂರ ಹೋದಷ್ಟೂ ಅದರ ಬೆಲೆ ಹೆಚ್ಚು.

ಗಾಳಿಯನ್ನೂ ಮರೆಯಬಾರದು. ಮಲಪ್ರಭೆಯಲ್ಲಿ ಈಜುವವನಿಗೆ ಸೆಳವಿನ ಜೊತೆ ಹೋಗುವುದು ಸುಲಭ, ಎದುರು ಹೋಗುವುದು ಕಷ್ಟ. ವಿಮಾನವೂ ಗಾಳಿಯ ಹೊಳೆಯಲ್ಲಿ ಈಜುತ್ತಿರುತ್ತದೆ. ತಾಸಿಗೆ 50 ಕಿ.ಮೀ. ಎದುರುಗಾಳಿ ಇದ್ದರೆ 53 ನಿಮಿಷದ ದಾರಿ 59 ನಿಮಿಷ ಆಗುತ್ತದೆ, ಅಷ್ಟೇ ಗಾಳಿ ಬೆನ್ನಿಗೆ ಬಂದರೆ 48 ನಿಮಿಷ. ಆಷಾಢದಲ್ಲಿ ಬೆಳಗಾವಿಯ ಮಳೆ ಮೋಡ ಕೆಳಗೆ ಇಳಿದು ರನ್‌ವೇ ಕಾಣದಂತಾದರೆ ಯಾವ ಭಾಗಾಕಾರವೂ ಕೆಲಸಕ್ಕೆ ಬರುವುದಿಲ್ಲ.

ಹೊಸ್ತಿಲಿಂದ ಹೊಸ್ತಿಲಿಗೆ

ಈಗ ಲೆಡ್ಜರ್ ತೆಗೆಯೋಣ. ಬೈಲಹೊಂಗಲದಿಂದ ಹೊರಟ ಒಂದು ಮನೆಯವರ ಲೆಕ್ಕ ಹೀಗಿದೆ:

ಮನೆಯಿಂದ ನೇಸರಗಿಯ ಮೇಲೆ ಸಾಂಬ್ರಾಕ್ಕೆ ಕಾರಿನಲ್ಲಿ: 1 ತಾಸು 15 ನಿಮಿಷ.
ನಿಲ್ದಾಣದಲ್ಲಿ ಮುಂಗಡ ಕಾಯುವುದು, ತಪಾಸಣೆ: 1 ತಾಸು 30 ನಿಮಿಷ.
ವಿಮಾನ: 1 ತಾಸು 15 ನಿಮಿಷ.
ಇಳಿದು ಸಾಮಾನು ತೆಗೆದುಕೊಳ್ಳುವುದು: 30 ನಿಮಿಷ.
ದೇವನಹಳ್ಳಿಯಿಂದ ಊರೊಳಗಿನ ಮನೆಗೆ: 1 ತಾಸು 30 ನಿಮಿಷ.
ಒಟ್ಟು: 6 ತಾಸು.

ಲೆಕ್ಕ ತಾಳೆಯಾಯಿತು. ಸಾಂಬ್ರಾದವರೆಗಿನ ರಸ್ತೆ ಸುಮಾರು 40 ಕಿ.ಮೀ., ಆಕಾಶದ 444, ದೇವನಹಳ್ಳಿಯಿಂದ ಮನೆಗೆ ಸುಮಾರು 38. ಎಲ್ಲ ಕೂಡಿಸಿದರೆ 522 ಕಿ.ಮೀ. ಆರರಿಂದ ಭಾಗಿಸಿದರೆ ತಾಸಿಗೆ 87 ಕಿ.ಮೀ. ಬಂತು. ತಾಸಿಗೆ 500 ಕಿ.ಮೀ. ಹಾರುವ ವಿಮಾನದಲ್ಲಿ ಕೂತು ನಾವು ಹೋದದ್ದು ಹೆದ್ದಾರಿಯ ಕಾರಿನ ವೇಗದಲ್ಲಿ!

ಹಾಗಂತ ವಿಮಾನ ಬೇಡ ಎಂದಲ್ಲ. ರಾತ್ರಿ 8ಕ್ಕೆ ಬಸ್ ಹತ್ತಿದರೆ ಮೆಜೆಸ್ಟಿಕ್ ಮುಟ್ಟುವಾಗ ಬೆಳಿಗ್ಗೆ 6, ಅಂದರೆ ಹತ್ತು ತಾಸು. 2025ರ ಆಗಸ್ಟಿನಲ್ಲಿ ಶುರುವಾದ ವಂದೇ ಭಾರತ್ ರೈಲಿಗೆ ಬೆಳಗಾವಿಯಿಂದ ಬೆಂಗಳೂರಿಗೆ ಸುಮಾರು ಎಂಟೂವರೆ ತಾಸು. ಆರು ತಾಸು ಇವೆರಡಕ್ಕಿಂತ ಕಡಿಮೆಯೇ. ಆದರೆ ಟಿಕೆಟಿನ ಒಂದೂಕಾಲು ತಾಸನ್ನು ನಂಬಿ, ಮುಂಜಾನೆ ಹೊರಟು ಹತ್ತು ಗಂಟೆಗೆ ಬೆಂಗಳೂರಿನ ದವಾಖಾನೆಯಲ್ಲಿ ಇರುತ್ತೇನೆ ಎಂದು ಡಾಕ್ಟರರ ವೇಳೆ ತೆಗೆದುಕೊಳ್ಳಬೇಡಿ.

ಇನ್ನೊಂದು ಸಂಗತಿ. 2008ರ ಮೇ 24ರವರೆಗೆ ಬೆಂಗಳೂರಿಗೆ ಹೋದವರು ಇಳಿಯುತ್ತಿದ್ದದ್ದು ಊರಿಗೆ ಅಂಟಿಕೊಂಡಂತಿದ್ದ ಎಚ್‌ಎಎಲ್ ನಿಲ್ದಾಣದಲ್ಲಿ. ಅಂದಿನಿಂದ ದೇವನಹಳ್ಳಿಯ ನಿಲ್ದಾಣ ಶುರುವಾಯಿತು. ಹೊಸ ನಿಲ್ದಾಣ ದೊಡ್ಡದು, ಚೆಂದದ್ದು. ಆಕಾಶದ ದಾರಿ ಉದ್ದವಾಗಲಿಲ್ಲ, ನೆಲದ ದಾರಿ ಉದ್ದವಾಯಿತು.

ಯಾವ ನಿಲ್ದಾಣ ಹತ್ತಿರ?

ನಮ್ಮ ಭಾಗದವರಿಗೆ ಎರಡು ವಿಮಾನ ನಿಲ್ದಾಣಗಳು. ಸಾಂಬ್ರಾದ್ದು ಹಳೆಯದು. ಎರಡನೇ ಮಹಾಯುದ್ಧದ ಹೊತ್ತಿಗೆ, 1942ರಲ್ಲಿ, ಬ್ರಿಟಿಷ್ ವಾಯುಪಡೆ ತರಬೇತಿಗಾಗಿ ಮಾಡಿಕೊಂಡ ಜಾಗ ಅದು. ಇಂದಿಗೂ ಪಕ್ಕದಲ್ಲೇ ನಮ್ಮ ವಾಯುಪಡೆಯ ತರಬೇತಿ ಶಾಲೆ ಇದೆ. ಎರಡನೆಯದು ಹುಬ್ಬಳ್ಳಿಯ ಗೋಕುಲ ರಸ್ತೆಯದು. ಎರಡಕ್ಕೂ ಹೊಸ ಕಟ್ಟಡ ಬಂದದ್ದು 2017ರಲ್ಲಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ನೇರ ಗೆರೆ ಸುಮಾರು 370 ಕಿ.ಮೀ., ಸಾಂಬ್ರಾಕ್ಕಿಂತ 74 ಕಡಿಮೆ. ಎಟಿಆರ್ ವೇಗದಲ್ಲಿ ಉಳಿಯುವುದು ಒಂಬತ್ತೇ ನಿಮಿಷ. ಆದ್ದರಿಂದ ಆಕಾಶದ ದೂರ ನೋಡಿ ನಿಲ್ದಾಣ ಆರಿಸಬಾರದು, ನೆಲದ ದೂರ ನೋಡಿ ಆರಿಸಬೇಕು.

ಬೈಲಹೊಂಗಲದವರಿಗೆ ಸಾಂಬ್ರಾ ಹತ್ತಿರ. ಸವದತ್ತಿಯವರು ಧಾರವಾಡಕ್ಕೆ ಇಳಿದರೆ ಮುಂದೆ ಹುಬ್ಬಳ್ಳಿ ಇದ್ದೇ ಇದೆ. ಕಿತ್ತೂರು ಹೆದ್ದಾರಿಯ ಬದಿಗೇ ಇದ್ದು ಎರಡೂ ಕಡೆ ಕೈಚಾಚಬಹುದು. ರಾಮದುರ್ಗದವರದು ಕಷ್ಟ. ಪಟ್ಟಿ ಇಟ್ಟು ಅಳೆದರೆ ಎರಡೂ ಹೆಚ್ಚುಕಡಿಮೆ ಎಪ್ಪತ್ತು ಕಿಲೋಮೀಟರ್, ರಸ್ತೆಯಲ್ಲಿ ಇನ್ನೂ ಹೆಚ್ಚು. ಅಲ್ಲಿಯವರಿಗೆ ಮನೆಯಿಂದ ನಿಲ್ದಾಣಕ್ಕೆ ಹೋಗುವ ಹೊತ್ತು ಆಕಾಶದಲ್ಲಿ ಇರುವ ಹೊತ್ತಿಗಿಂತ ಹೆಚ್ಚು.

ಟಿಕೆಟಿನ ಮೇಲೆ ಇಲ್ಲದ ಅಂಕಿ

ಇಷ್ಟೆಲ್ಲ ಕೂಡಿಸಿದರೂ ಒಂದು ಅಂಕಿ ಲೆಡ್ಜರಿನ ಹೊರಗೇ ಉಳಿಯುತ್ತದೆ. ಮುಂದಿನ ವಿಮಾನ ಯಾವಾಗ ಎಂಬುದು.

ನಮ್ಮ ಅಕ್ಕ ಸವದತ್ತಿಯಲ್ಲಿದ್ದಳು, ಎಂಬತ್ತು ದಾಟಿತ್ತು. ಮಗ ಬೆಂಗಳೂರಿನಲ್ಲಿ ನೌಕರಿ. ಒಂದು ಸಂಜೆ ಏಳೂವರೆಗೆ ಅವಳ ಉಸಿರು ಕಟ್ಟತೊಡಗಿತು. ಡಾಕ್ಟರು ಬಂದು ನೋಡಿ, "ಮಗನ್ನ ಕರೆಸ್ರಿ" ಎಂದರು. ನಾನೇ ಫೋನ್ ಮಾಡಿದೆ. ಅಳಿಯ ಅವಸರದಲ್ಲಿ, "ಮಾಮಾ, ವಿಮಾನಕ್ಕ ಒಂದ ತಾಸು, ನಾಳೆ ಮುಂಜಾನಿ ಮೊದಲನೇದ್ದಕ್ಕ ಬರತೇನಿ" ಎಂದ. ಅವನ ಹೆಂಡತಿ ಫೋನ್ ಇಸಿದುಕೊಂಡು ಕೇಳಿದಳು, "ಮಾಮಾ, ಸವದತ್ತಿ ಮನಿ ಬಾಗಿಲಿಗೆ ಎಷ್ಟಕ್ಕ ಮುಟ್ಟತಾರ, ಅದನ್ನ ಹೇಳ್ರಿ."

ಇಬ್ಬರೂ ಕೂಡಿ ಬೆರಳು ಮಡಿಸಿದೆವು. ಮರುದಿನದ ಮೊದಲ ವಿಮಾನ ಹುಬ್ಬಳ್ಳಿಗೆ ಇಳಿಯುವುದು ಹತ್ತರ ಮೇಲೆ. ಅಲ್ಲಿಂದ ಸವದತ್ತಿಗೆ ಬರಲು ಹನ್ನೆರಡು. ಮೆಜೆಸ್ಟಿಕ್‌ನಿಂದ ಒಂಬತ್ತೂವರೆಯ ಬಸ್ ಸಿಕ್ಕರೆ ಧಾರವಾಡಕ್ಕೆ ಐದೂವರೆ, ಅಲ್ಲಿಂದ ಏಳಕ್ಕೆಲ್ಲ ಮನೆ. ಒಂದು ತಾಸಿನ ವಿಮಾನಕ್ಕೆ ಹದಿನಾರು ತಾಸು, ಎಂಟು ತಾಸಿನ ಬಸ್ಸಿಗೆ ಹನ್ನೊಂದು. ಅವನು ಉಟ್ಟ ಬಟ್ಟೆಯಲ್ಲೇ ಬಸ್ ಹತ್ತಿದ.

ಏಳೂ ಕಾಲಿಗೆ ಅಂಗಳಕ್ಕೆ ಬಂದ. ಅಕ್ಕನಿಗೆ ಎಚ್ಚರವಿತ್ತು. "ಬಂದ್ಯಾ?" ಎಂದಳು. ಅವನ ಕೈಯಿಂದ ಎರಡು ಚಮಚ ನೀರು ಕುಡಿದಳು. ಒಂಬತ್ತೂವರೆಗೆ ಹೋದಳು. ಹುಬ್ಬಳ್ಳಿಗೆ ಬರುವ ವಿಮಾನ ಆಗ ಇನ್ನೂ ಗಾಳಿಯಲ್ಲಿತ್ತು.

ದೊಡ್ಡ ನಗರಗಳ ನಡುವೆ ತಾಸಿಗೊಂದು ವಿಮಾನ ಇರುತ್ತದೆ. ಒಂದು ತಪ್ಪಿದರೆ ಇನ್ನೊಂದು. ನಮ್ಮ ಸಣ್ಣ ನಿಲ್ದಾಣಗಳಿಗೆ ದಿನಕ್ಕೆ ಬೆರಳೆಣಿಕೆಯಷ್ಟು, ಕೆಲವು ಮಾರ್ಗಗಳಲ್ಲಿ ವಾರಕ್ಕೆ ಕೆಲವೇ ದಿನ. ಮಾರ್ಗಗಳು ಶುರುವಾಗುತ್ತವೆ, ನಿಲ್ಲುತ್ತವೆ. ಆದ್ದರಿಂದ ಎಷ್ಟು ತಾಸು ಎಂದು ಕೇಳುವಾಗ, ಎಷ್ಟು ಗಂಟೆಗೆ ಮನೆ ಮುಟ್ಟುತ್ತೀ ಎಂದೂ ಕೇಳಿರಿ.

ಮೊಣಕಾಲಿನ ಲೆಕ್ಕ

ಅವಸರವಿಲ್ಲದ ಪ್ರಯಾಣದಲ್ಲಿ ಹಿರಿಯರಿಗೆ ವಿಮಾನ ಬೇರೆ ರೀತಿಯಲ್ಲಿ ಉಪಕಾರಿ. ನನ್ನ ಹೆಂಡತಿಗೆ ಮೊಣಕಾಲು ನೋವು. ಹತ್ತು ತಾಸು ಬಸ್ಸಿನಲ್ಲಿ ಕಾಲು ಮಡಿಸಿ ಕೂತರೆ ಇಳಿದ ಮೇಲೆ ಎರಡು ದಿನ ಮೆಟ್ಟಿಲು ಹತ್ತಲಾಗದು. ರಾತ್ರಿ ಎದ್ದು ಹೋಗಬೇಕೆಂದರೆ ಬಸ್ ಎಲ್ಲಿ ನಿಲ್ಲಿಸುತ್ತಾನೋ ಎಂಬ ಚಿಂತೆಗೆ ಸಂಜೆಯಿಂದಲೇ ನೀರು ಕುಡಿಯುವುದಿಲ್ಲ. ವಿಮಾನದ ಆರು ತಾಸಿನಲ್ಲಿ ಅಲ್ಲಲ್ಲಿ ಎದ್ದು ನಡೆಯಬಹುದು, ಶೌಚಾಲಯ ಹತ್ತಿರವಿರುತ್ತದೆ. ನಡೆಯಲು ಕಷ್ಟವಿದ್ದವರು ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಬೇಕೆಂದು ಹೇಳಬೇಕು. ದೇವನಹಳ್ಳಿಯ ನಿಲ್ದಾಣದೊಳಗಿನ ನಡಿಗೆ ನಮ್ಮ ಊರಿನ ಒಂದು ಪೇಟೆ ಸುತ್ತಿದಷ್ಟು. ಸಾಮಾನು ಒಪ್ಪಿಸುವ ಕೌಂಟರ್ ಸಾಮಾನ್ಯವಾಗಿ ಹೊರಡುವ ಒಂದು ತಾಸು ಮೊದಲೇ ಮುಚ್ಚುತ್ತದೆ. ನಮ್ಮ ಬಸ್ಸಿನಂತೆ, "ತಡೀರಿ, ಅಜ್ಜಿ ಬರಾಕತ್ಯಾಳ" ಎಂದು ಕೂಗಿದರೆ ವಿಮಾನ ನಿಲ್ಲುವುದಿಲ್ಲ.

ದೂರ ಹೋದಾಗ

ಅಮೆರಿಕದಲ್ಲಿ ಮಕ್ಕಳಿರುವ ಅಜ್ಜ ಅಜ್ಜಿಯರು ಈಗ ನಮ್ಮ ಊರುಗಳಲ್ಲೂ ಇದ್ದಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಎಲ್ಲೂ ಇಳಿಯದೆ ಒಂದು ವಿಮಾನ ಹಾರಿಸಿತು. ನಡೆಸಿದ ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್ವಾಲ್. ದೂರ ಸುಮಾರು 14,000 ಕಿ.ಮೀ., ಹೊತ್ತು ಸುಮಾರು 17 ತಾಸು. ಹೋದದ್ದು ಉತ್ತರ ಧ್ರುವದ ಕಡೆಯಿಂದ. ಗೋಡೆಯ ನಕಾಶೆಯಲ್ಲಿ ನೋಡಿದರೆ ಇದೇನು ಸುತ್ತು ದಾರಿ ಎನ್ನಿಸುತ್ತದೆ. ಆದರೆ ಭೂಮಿ ಚಪ್ಪಟೆ ಅಲ್ಲ. ಒಂದು ಚೆಂಡಿನ ಮೇಲೆ ಎರಡು ಚುಕ್ಕೆ ಇಟ್ಟು ದಾರವನ್ನು ಬಿಗಿಯಾಗಿ ಎಳೆದು ನೋಡಿ, ಅತಿ ಹತ್ತಿರದ ದಾರಿ ಯಾವುದೆಂದು ದಾರವೇ ತೋರಿಸುತ್ತದೆ.

ದೂರದ ಊರಿಗೆ ಹೋಗುವಾಗ ಗಡಿಯಾರವೂ ಆಟ ಆಡುತ್ತದೆ. ದುಬೈ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ. ಬೆಂಗಳೂರನ್ನು ಬೆಳಿಗ್ಗೆ 10ಕ್ಕೆ ಬಿಟ್ಟ ವಿಮಾನ ದುಬೈಯಲ್ಲಿ ಅಲ್ಲಿನ ಗಡಿಯಾರದ ಪ್ರಕಾರ 12.30ಕ್ಕೆ ಇಳಿದರೆ ಹಾರಿದ್ದು ಎಷ್ಟು ತಾಸು? ಎರಡೂವರೆ ಎಂದವರು ಇನ್ನೊಮ್ಮೆ ಯೋಚಿಸಿ. ಒಂದೂವರೆ ಕೂಡಿಸಿದರೆ ನಾಲ್ಕು ತಾಸು.

ವಸ್ತಿಯ ಕಾಲ

ನನ್ನ ಅಜ್ಜ ದೂರವನ್ನು ಕಿಲೋಮೀಟರಿನಲ್ಲಿ ಹೇಳಿದ್ದು ನಾನು ಕೇಳಿಲ್ಲ. ಅವರದು ಹರದಾರಿ, ಒಂದು ಹರದಾರಿ ಎಂದರೆ ಸುಮಾರು ಮೂರು ಮೈಲಿ. ಇನ್ನೂ ದೂರವಾದರೆ ವಸ್ತಿ. ಬನದ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿದರೆ ದಾರಿಯಲ್ಲಿ ಒಂದು ವಸ್ತಿ. ಎತ್ತಿಗೆ ನೀರು ಎಲ್ಲಿ, ಮಂದಿಗೆ ನೆರಳು ಎಲ್ಲಿ ಎಂಬುದೇ ಅವರ ವೇಳಾಪಟ್ಟಿ. ಅದಕ್ಕೂ ಹಿಂದೆ, 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಬಿದ್ದ ಸುದ್ದಿ ಕೂಡ ಕುದುರೆಯ ಅಥವಾ ಮನುಷ್ಯನ ಕಾಲಿಗಿಂತ ಬೇಗ ಹೋಗಲು ಸಾಧ್ಯವಿರಲಿಲ್ಲ.

ಸುದ್ದಿಗೆ ರೆಕ್ಕೆ ಬಂದದ್ದು 1932ರ ಅಕ್ಟೋಬರ್ 15ರಂದು. ಜೆ.ಆರ್.ಡಿ. ಟಾಟಾ ಸಣ್ಣದೊಂದು ವಿಮಾನದಲ್ಲಿ ಟಪಾಲು ಚೀಲ ಇಟ್ಟುಕೊಂಡು ಕರಾಚಿಯಿಂದ ಅಹಮದಾಬಾದ್ ಮೇಲೆ ಮುಂಬಯಿಗೆ ಬಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಮದರಾಸಿಗೆ ಒಯ್ದರು. ನಡುವೆ ಇಳಿದ ಊರು ಯಾವುದು ಗೊತ್ತೇ? ನಮ್ಮ ಬಳ್ಳಾರಿ! 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಕಡಿಮೆ ದರದ ಏರ್ ಡೆಕ್ಕನ್ ಶುರು ಮಾಡಿದಾಗ ಹುಬ್ಬಳ್ಳಿಯೂ ಅದರ ಮೊದಮೊದಲ ಊರುಗಳಲ್ಲಿ ಒಂದಾಗಿತ್ತು. ಅಲ್ಲಿಯವರೆಗೆ ತಲೆ ಎತ್ತಿ ವಿಮಾನ ನೋಡುತ್ತಿದ್ದ ಎಷ್ಟೋ ಮಂದಿ ಕೆಳಗೆ ತಲೆ ಬಾಗಿಸಿ ಊರು ನೋಡುವಂತಾದರು.

ಮಕ್ಕಳೇ, ಈ ವಾರದ ಕೆಲಸ ಇದು. ನಿಮ್ಮ ಊರಿನಿಂದ ದೂರವಿರುವ ಒಬ್ಬ ಬಂಧುವಿನ ಊರನ್ನು ಆರಿಸಿಕೊಳ್ಳಿ. ನಕಾಶೆಯಲ್ಲಿ ಪಟ್ಟಿಯಿಂದ ಒಂದು ದೂರ, ದಾರದಿಂದ ಒಂದು ದೂರ ಅಳೆಯಿರಿ. ಆಮೇಲೆ ಹೊಸ್ತಿಲಿಂದ ಹೊಸ್ತಿಲಿಗೆ ಎಷ್ಟು ತಾಸೆಂದು ನಾಲ್ಕು ಸಾಲಿನ ಲೆಡ್ಜರ್ ಬರೆಯಿರಿ. ಕೊನೆಗೆ ಅಜ್ಜಿಯನ್ನು ಕೇಳಿ: ನೀನು ಮದುವೆಯಾಗಿ ಈ ಊರಿಗೆ ಬಂದಾಗ ತವರುಮನೆಯಿಂದ ಎಷ್ಟು ಹೊತ್ತು ಹಿಡಿಯಿತು? ಯಾವ ಗಾಡಿ? ದಾರಿಯಲ್ಲಿ ಎಲ್ಲಿ ಬುತ್ತಿ ಬಿಚ್ಚಿದಿರಿ? ಅವಳ ಉತ್ತರವನ್ನೂ ಅದೇ ಪುಟದಲ್ಲಿ ಬರೆದಿಡಿ. ಕಿಲೋಮೀಟರುಗಳನ್ನು ನಕಾಶೆಯಿಂದ ಯಾವಾಗಲಾದರೂ ಅಳೆಯಬಹುದು. ಆ ಉತ್ತರವನ್ನು ಮಾತ್ರ ಅವಳು ಎದುರಿಗೆ ಕೂತಿರುವಾಗಲೇ ಕೇಳಿಕೊಳ್ಳಬೇಕು.